ಶಿಕಾಗೋ ಕೇರಿಯ ಮೆಹಫಿಲ್

ಅಲ್ಹಾಂಬ್ರಾ ಎಂದಕೂಡಲೆ ನಮಗೆ ನೆನಪಾಗುವುದು ಸ್ಪೇನಿನ ಗ್ರಾನಡಾದ ಕೆಂಪು ಕೋಟೆ, ಅದರ ನೀರಿನ ಕೊಳಗಳು, ಗೋಡೆಗಳ ಮೇಲಿನ ಅರಬ್ಬಿ ಕೆತ್ತನೆಗಳು. 1960ರ ಆಸುಪಾಸಿನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲೂ ಒಂದು ಅಲ್ಹಾಂಬ್ರಾ ಇತ್ತು. ಅದು ಕೋಟೆಯಲ್ಲ, ಊಟದ ಹೋಟೆಲು. ಜನ ಊಟ ಮಾಡುತ್ತ ಜಾಝ್ ಸಂಗೀತ ಕೇಳಬಹುದಾಗಿತ್ತು. ಆದರೆ ಅಲ್ಲಿ ಹೆಂಡ ಸಿಗುತ್ತಿರಲಿಲ್ಲ. ಅದನ್ನು ತೆರೆದವರು ಅಹ್ಮದ್ ಜಮಾಲ್ ಎಂಬ ಕಪ್ಪುವರ್ಣೀಯ ಪಿಯಾನೋ ವಾದಕ. ಪಿಟ್ಸ್‌ಬರ್ಗಿನ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲಿ ಇಸ್ಲಾಮನ್ನು ಒಪ್ಪಿಕೊಂಡು ಹೆಸರು ಬದಲಿಸಿಕೊಂಡವರು. 1958ರ ಜನವರಿಯಲ್ಲಿ ಶಿಕಾಗೋದ ಪರ್ಷಿಂಗ್ ಹೋಟೆಲಿನಲ್ಲಿ ಅವರು ನುಡಿಸಿದ್ದು ಗ್ರಾಮಫೋನ್ ತಟ್ಟೆಯಾಗಿ ಬಂದಾಗ, ಅದು ನೂರಕ್ಕೂ ಹೆಚ್ಚು ವಾರ ಮಾರಾಟದ ಪಟ್ಟಿಯಲ್ಲಿ ಉಳಿಯಿತು. ಆ ದುಡ್ಡಿನ ಬಲದಿಂದ, ಉತ್ತರ ಆಫ್ರಿಕಾ ಸುತ್ತಿ ಬಂದ ಹುರುಪಿನಲ್ಲಿ, ಜಮಾಲ್ ಈ ಸಾಹಸಕ್ಕೆ ಕೈಹಾಕಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. 1961ರಲ್ಲಿ ಅಲ್ಲಿ ನುಡಿಸಿ ಧ್ವನಿಮುದ್ರಿಸಿದ ತಟ್ಟೆಗಳು ಮಾತ್ರ ಉಳಿದಿವೆ.

ಜಮಾಲ್ ಸೋತದ್ದು ಸಂಗೀತದಲ್ಲಲ್ಲ, ಲೆಕ್ಕದಲ್ಲಿ. ಜಾಝ್ ಹುಟ್ಟಿದಾಗಿನಿಂದಲೂ ವಾದ್ಯಗಾರನ ಕೂಲಿಯ ಬಹುಪಾಲು ಬರುತ್ತಿದ್ದುದು ಹೆಂಡದ ಗಲ್ಲಾಪೆಟ್ಟಿಗೆಯಿಂದ. ಕುಡಿಯುವವನು ಇದ್ದರೆ ಕೇಳುವವನು. ಮಾಲೀಕನಿಗೆ ಬೇಕಾದುದು ಗಿರಾಕಿ ಕುರ್ಚಿಯಲ್ಲಿ ಇನ್ನೊಂದು ಗ್ಲಾಸಿನ ಹೊತ್ತು ಕೂರುವುದು. ಯಾವ ರಾಗ, ಎಷ್ಟು ಹೊತ್ತು, ಎಷ್ಟು ಜೋರು ಎನ್ನುವುದನ್ನು ತೀರ್ಮಾನಿಸುತ್ತಿದ್ದುದೂ ಇದೇ ಲೆಕ್ಕ. ಮಾಲೀಕ ಬಹುಮಟ್ಟಿಗೆ ಬಿಳಿಯ, ನುಡಿಸುವವನು ಕರಿಯ. ವೇದಿಕೆ ಯಾರದು ಎಂಬ ಪ್ರಶ್ನೆಯನ್ನು ಬಿಟ್ಟು ಈ ಸಂಗೀತದ ಚರಿತ್ರೆಯನ್ನು ಬರೆಯಲು ಬರುವುದಿಲ್ಲ.

ಈ ಪ್ರಶ್ನೆಗೆ ಅದೇ ನಗರದಲ್ಲಿ, ಜಮಾಲ್ ಸೋತ ಕೆಲವೇ ವರ್ಷಗಳ ನಂತರ, ಹೊಟ್ಟೆಗೆ ಸರಿಯಾಗಿ ಇಲ್ಲದ ಕೆಲವು ವಾದ್ಯಗಾರರು ಬೇರೊಂದು ಉತ್ತರ ಕೊಟ್ಟರು. ಆ ಉತ್ತರದ ಕತೆಯೇ ಈ ಬರಹದ ವಸ್ತು.

ಅದಕ್ಕೆ ಮುಂಚೆ, ಒಬ್ಬ ಜಾಝ್ ವಾದಕನಿಗೆ ಅಹ್ಮದ್ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳುವವರಿಗಾಗಿ ಒಂದು ಮಾತು. 1920ರಲ್ಲಿ ಪಂಜಾಬಿನ ಮುಫ್ತಿ ಮುಹಮ್ಮದ್ ಸಾದಿಕ್ ಎಂಬ ಅಹ್ಮದೀಯ ಪ್ರಚಾರಕರು ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿದರು. ಬಹುಪತ್ನಿತ್ವವನ್ನು ಒಪ್ಪುವ ಧರ್ಮದವನೆಂದು ಅಧಿಕಾರಿಗಳು ಅವರನ್ನು ವಾರಗಟ್ಟಲೆ ತಡೆದಿಟ್ಟರು. ಸಾದಿಕರು ಆ ಬಂದೀಖಾನೆಯಲ್ಲೇ ಜತೆಯವರಿಗೆ ಧರ್ಮಬೋಧೆ ಶುರುಮಾಡಿದರಂತೆ. ಬಳಿಕ ಅವರು ನೆಲೆನಿಂತದ್ದು ಶಿಕಾಗೋದ ದಕ್ಷಿಣ ಭಾಗದ ವಾಬಾಶ್ ರಸ್ತೆಯಲ್ಲಿ. ಅಹ್ಮದೀಯರ ನಂಬಿಕೆಯ ಬಗ್ಗೆ ನಮ್ಮಲ್ಲಿರುವ ತಕರಾರು ಬೇರೆ ಮಾತು. ಚರಿತ್ರೆಯಲ್ಲಿ ಆದದ್ದೇನೆಂದರೆ, ಮುಂದಿನ ದಶಕಗಳಲ್ಲಿ ಆರ್ಟ್ ಬ್ಲೇಕಿ, ಯೂಸುಫ್ ಲತೀಫರಂತಹ ಅನೇಕ ಕಪ್ಪು ಸಂಗೀತಗಾರರು ಈ ದಾರಿಯಿಂದಲೇ ಇಸ್ಲಾಮಿನ ಹತ್ತಿರ ಬಂದರು. ಗುಲಾಮರ ಒಡೆಯ ಕೊಟ್ಟ ಹೆಸರನ್ನು ಕಳಚಿಹಾಕುವುದೇ ಅವರಿಗೆ ದೊಡ್ಡ ಬಿಡುಗಡೆಯಾಗಿತ್ತು. ತುತ್ತೂರಿವಾದಕ ಡಿಜಿ ಗಿಲೆಸ್ಪಿ ತಮ್ಮ ಆತ್ಮಕತೆಯಲ್ಲಿ ಹೇಳುವಂತೆ, ಅರಬ್ಬಿ ಹೆಸರಿಟ್ಟುಕೊಂಡ ಕೆಲವರ ಗುರುತಿನ ಚೀಟಿಯಲ್ಲಿ ಬಣ್ಣದ ಜಾಗದಲ್ಲಿ ‘ಬಿಳಿಯ’ ಎಂದು ಬರೆದದ್ದೂ ಉಂಟು. ಹೆಸರೊಂದು ಬದಲಾದರೆ ಚರ್ಮದ ಬಣ್ಣವೇ ಬದಲಾಗುವ ದೇಶ ಅದು! ಲತೀಫರಂತೂ ‘ಜಾಝ್’ ಎಂಬ ಮಾತನ್ನೇ ಒಪ್ಪುತ್ತಿರಲಿಲ್ಲ. ಕೊನೆಕೊನೆಗೆ ಹೆಂಡ ಮಾರುವ ಜಾಗದಲ್ಲಿ ನುಡಿಸುವುದನ್ನೂ ನಿಲ್ಲಿಸಿದರು.

ಶಿಕಾಗೋದ ದಕ್ಷಿಣ ಭಾಗವನ್ನು ನಮ್ಮ ಮಾತಿನಲ್ಲಿ ಕೇರಿ ಎಂದೇ ಕರೆಯಬೇಕು. ಮಿಸಿಸಿಪಿ, ಲೂಯಿಸಿಯಾನ, ಅರ್ಕಾನ್ಸಾಗಳ ಹತ್ತಿಹೊಲಗಳಿಂದ ರೈಲು ಹತ್ತಿ ಬಂದ ಕಪ್ಪು ಜನರನ್ನು ನಗರ ಅಲ್ಲಿ ಒತ್ತೊತ್ತಾಗಿ ತುಂಬಿತು. ಮನೆ ಬಾಡಿಗೆಗೆ ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಎಂಬುದಕ್ಕೆ ಕಾಣದ ಗೆರೆಗಳಿದ್ದವು. ನೀರಿನಲ್ಲೂ ಗೆರೆ. 1919ರ ಜುಲೈನಲ್ಲಿ ಮಿಶಿಗನ್ ಸರೋವರದಲ್ಲಿ ಈಜುತ್ತಿದ್ದ ಹದಿನೇಳರ ಹುಡುಗನೊಬ್ಬ ಆ ಗೆರೆ ದಾಟಿ ಬಿಳಿಯರ ಕಡೆ ತೇಲಿಹೋದ. ಕಲ್ಲೆಸೆತಕ್ಕೆ ಸಿಕ್ಕಿ ಮುಳುಗಿ ಸತ್ತ. ಆ ಗಲಭೆಯಲ್ಲಿ 38 ಜನ ಹೋದರು, ಅವರಲ್ಲಿ 23 ಮಂದಿ ಕಪ್ಪು ಜನರು. ಸಂಗೀತಗಾರರ ಕಾರ್ಮಿಕ ಸಂಘವೂ ಎರಡು: ಬಿಳಿಯರದು ಲೋಕಲ್ 10, ಕರಿಯರದು ಲೋಕಲ್ 208. 1902ರಲ್ಲಿ ಹುಟ್ಟಿದ 208 ತನ್ನವರ ಹಿತವನ್ನು ಕಾಯುತ್ತ ಬಂದಿತ್ತು. 1966ರಲ್ಲಿ ಎರಡನ್ನೂ ಒಂದು ಮಾಡಿದರು. ಕಾಗದದ ಮೇಲೆ ಅದು ಸಮಾನತೆ. ಆದರೆ ಕಪ್ಪು ಸಂಗೀತಗಾರರ ಕೈಯಲ್ಲಿದ್ದ ಒಂದು ಕಚೇರಿ ಹೋಯಿತು ಎಂಬುದೂ ಸತ್ಯ.

ಅಷ್ಟರಲ್ಲಿ ಆ ಕೇರಿಯ 63ನೇ ಬೀದಿಯಲ್ಲಿ ಒಂದರ ಪಕ್ಕ ಒಂದರಂತೆ ಇದ್ದ ಸಂಗೀತದ ಕ್ಲಬ್ಬುಗಳು ಮುಚ್ಚತೊಡಗಿದ್ದವು. ಟಿವಿ ಬಂತು, ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ ಬಂತು, ಹೊಸ ಹುಡುಗರಿಗೆ ರಾಕ್ ಬೇಕಾಯಿತು, ನಗರಾಭಿವೃದ್ಧಿಯ ಹೆಸರಿನಲ್ಲಿ ಬೀದಿಗಳೇ ನೆಲಸಮವಾದವು. ಪರರ ಅಂಗಡಿಯಲ್ಲಿ ನುಡಿಸುತ್ತಿದ್ದವರಿಗೆ ಈಗ ಆ ಅಂಗಡಿಯೂ ಇಲ್ಲ.

ರಿಚರ್ಡ್ ಏಬ್ರಮ್ಸ್ ಎಂಬ ಪಿಯಾನೋ ವಾದಕರು ಈ ಹೊತ್ತಿನಲ್ಲಿ ಎಳೆಯರನ್ನು ಕೂಡಿಸಿಕೊಂಡು ಒಂದು ತಾಲೀಮು ನಡೆಸುತ್ತಿದ್ದರು. ಅವರೇ ಮುಂದೆ ಮುಹಾಲ್ ಎಂದು ಹೆಸರು ಸೇರಿಸಿಕೊಂಡವರು. ಬಹುಪಾಲು ತಾವೇ ಪುಸ್ತಕ ಓದಿ ಸಂಗೀತಶಾಸ್ತ್ರ ಕಲಿತ ಮನುಷ್ಯ. ಅವರ ಪ್ರಯೋಗದ ಬ್ಯಾಂಡಿನಲ್ಲಿ ಹಣದ ಮಾತಿರಲಿಲ್ಲ. ನೀನು ಏನಾದರೂ ಬರೆದು ತಾ, ನಾವು ನುಡಿಸಿ ನೋಡೋಣ ಎಂಬುದಷ್ಟೇ ಕರಾರು. ರಾಸ್ಕೋ ಮಿಚೆಲ್, ಜೋಸೆಫ್ ಜಾರ್ಮನ್‌ರಂತಹ ಹುಡುಗರು ಬಂದರು. ಇವರಿಬ್ಬರೂ ಸೈನ್ಯದಲ್ಲಿ ಕೆಲಸ ಮಾಡಿ ಬಂದವರು, ಬಳಿಕ ಕೇರಿಯ ವಿಲ್ಸನ್ ಜೂನಿಯರ್ ಕಾಲೇಜಿಗೆ ಸೇರಿದವರು.

1965ರಲ್ಲಿ ಏಬ್ರಮ್ಸ್, ಜೋಡಿ ಕ್ರಿಶ್ಚಿಯನ್, ಸ್ಟೀವ್ ಮೆಕಾಲ್, ಫಿಲ್ ಕೋರಾನ್ ಎಂಬ ನಾಲ್ವರು ಊರಿನ ಸಂಗೀತಗಾರರಿಗೆ ಅಂಚೆಕಾರ್ಡು ಬರೆದು ಕರೆದರು. ಮೇ 8ರಂದು 75ನೇ ಬೀದಿಯ ಕೋರಾನರ ಮನೆಯಲ್ಲಿ ಸಭೆ ಸೇರಿತು. ನಮ್ಮ ಅದೃಷ್ಟಕ್ಕೆ ಆ ಸಭೆಯನ್ನು ಟೇಪ್ ಮಾಡಿಕೊಂಡಿದ್ದರು. ಯಾರು ಏನು ಅಂದರು, ಯಾರು ಅಡ್ಡಬಂದರು ಎಲ್ಲವೂ ಉಳಿಯಿತು. ಅದೇ ಸಂಘದ ಸದಸ್ಯರಾಗಿ ಬೆಳೆದ ಟ್ರಾಂಬೋನ್ ವಾದಕ ಜಾರ್ಜ್ ಲೂಯಿಸ್ ಆ ಟೇಪುಗಳನ್ನು ಕೇಳಿ, ನೂರಾರು ಪುಟದ ಚರಿತ್ರೆ ಬರೆದು 2008ರಲ್ಲಿ ಪ್ರಕಟಿಸಿದರು. ನಮ್ಮ ಊರುಗಳ ಎಷ್ಟು ನಾಟಕ ಮಂಡಳಿ, ಎಷ್ಟು ಕವ್ವಾಲಿ ಪಾರ್ಟಿಗಳ ಕತೆ ಹೀಗೆ ಅವರದೇ ದನಿಯಲ್ಲಿ ಉಳಿದಿದೆ ಎಂದು ಯೋಚಿಸಿದರೆ ಹೊಟ್ಟೆಕಿಚ್ಚಾಗುತ್ತದೆ.

ಆ ಸಭೆಗಳ ಮುಖ್ಯ ಜಗಳ ಒಂದೇ ಪದದ ಸುತ್ತ: ‘ಸ್ವಂತ’. ಸಂಘದ ಕಛೇರಿಗಳಲ್ಲಿ ಸದಸ್ಯರು ತಾವೇ ರಚಿಸಿದ್ದನ್ನು ಮಾತ್ರ ನುಡಿಸಬೇಕೆ? ಹಾಗಾದರೆ ಎಲ್ಲರೂ ತಲೆದೂಗುವ ಹಳೆಯ ಹಾಡುಗಳ ಗತಿಯೇನು? ಅನ್ನ ಕೊಟ್ಟದ್ದು ಅವೇ ಅಲ್ಲವೆ? ಏಬ್ರಮ್ಸರ ವಾದ ಸರಳವಾಗಿತ್ತು. ಬೇರೆಯವರ ಹಾಡನ್ನು ಬೇರೆ ಕಡೆ ಎಷ್ಟು ಬೇಕಾದರೂ ನುಡಿಸಿಕೊಳ್ಳಿ. ನಮ್ಮದೆಂದು ಕಟ್ಟುವ ಒಂದು ಜಾಗದಲ್ಲಾದರೂ ನಮ್ಮದು ಕೇಳಲಿ. ಕೊನೆಗೆ ಸ್ವಂತದ್ದೇ ಗೆದ್ದಿತು. ಸಂಘಕ್ಕೆ ‘ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕ್ರಿಯೇಟಿವ್ ಮ್ಯುಜಿಷಿಯನ್ಸ್’ ಎಂದು ಹೆಸರಾಯಿತು. ಚುಟುಕಾಗಿ ಎಎಸಿಎಂ. ಗಮನಿಸಬೇಕು, ಹೆಸರಿನಲ್ಲಿ ಜಾಝ್ ಇಲ್ಲ. ಆಗಸ್ಟ್ ತಿಂಗಳಲ್ಲಿ ಇಲಿನಾಯ್ ರಾಜ್ಯದಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಣಿಯಾದಾಗ ಒಂಬತ್ತು ಉದ್ದೇಶಗಳನ್ನು ಬರೆದುಕೊಟ್ಟರು. ಬಡಮಕ್ಕಳಿಗೆ ಉಚಿತ ಸಂಗೀತಪಾಠ ಹೇಳುವುದು ಅದರಲ್ಲೊಂದು. ಸಂಗೀತಗಾರರು ನಡತೆಯಲ್ಲಿ ಮಾದರಿಯಾಗಿರಬೇಕು, ಸಮಾಜದಲ್ಲಿ ಅವರ ಮರ್ಯಾದೆ ಹೆಚ್ಚಬೇಕು ಎಂಬುದು ಇನ್ನೊಂದು. ಇದನ್ನು ಓದಿದಾಗ ನನಗೆ ನಮ್ಮಲ್ಲಿನ ಹಳೆಯ ವಾದ ನೆನಪಾಗುತ್ತದೆ. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯಲ್ಲಿ ಅರ್ಧ ಸಿಟ್ಟು ಸಂಗೀತದ ಮೇಲಲ್ಲ, ಅದರ ಜತೆ ಬಂದ ಶರಾಬು, ಕೋಠಿಗಳ ಮೇಲೆ. ಶಿಕಾಗೋದವರು ಆ ಜತೆಯನ್ನೇ ಬಿಡಿಸಲು ಹೊರಟಿದ್ದರು.

ಮೊದಲ ಕಛೇರಿ ನಡೆದದ್ದು 1965ರ ಆಗಸ್ಟ್ 16ರಂದು, 79ನೇ ಬೀದಿಯ ಸೌತ್ ಶೋರ್ ಬಾಲ್‌ರೂಮಿನಲ್ಲಿ. ಅಂದು ನುಡಿಸಿದ್ದು ಜಾರ್ಮನ್ನರ ಐವರ ತಂಡ. ಅದರ ಬೆನ್ನಿಗೆ ಕೋರಾನರ ಮೇಳ. ಹೀಗೆ ಕಛೇರಿಗಳ ಸರಣಿಯೊಂದು ಹಿಡಿದುಕೊಂಡಿತು. ಅಬ್ರಹಾಂ ಲಿಂಕನ್ ಸೆಂಟರ್ ಎಂಬ ಸಮುದಾಯ ಭವನ, ವಿಶ್ವವಿದ್ಯಾಲಯದ ಸಭಾಂಗಣ, ಹೈಡ್‌ಪಾರ್ಕಿನ ನಾಟಕಶಾಲೆ, ಎಲ್ಲಿ ಕಡಿಮೆ ಬಾಡಿಗೆಗೆ ಸಿಕ್ಕಿದರೆ ಅಲ್ಲಿ. ಪೋಸ್ಟರು ಅಂಟಿಸುವವರು, ಬಾಗಿಲಲ್ಲಿ ಟಿಕೇಟು ಹರಿಯುವವರು, ಕುರ್ಚಿ ಜೋಡಿಸುವವರು, ವೇದಿಕೆ ಹತ್ತಿ ನುಡಿಸುವವರು ಎಲ್ಲ ಒಂದೇ ಗುಂಪು. ಇವತ್ತು ನನ್ನ ಕಛೇರಿಗೆ ನೀನು ಬಾಗಿಲು ಕಾಯಿ, ನಾಳೆ ನಿನ್ನದಕ್ಕೆ ನಾನು. ಕುಡಿಯುವ ಗ್ಲಾಸಿನ ಸದ್ದಿಲ್ಲ, ಗಿರಾಕಿಯ ಕೂಗಿಲ್ಲ. ಜನ ಬಂದು ಕುಳಿತು ಕೇಳುತ್ತಾರೆ. ನಮ್ಮ ಬೈಠಕ್‌ಗಳ ಮಟ್ಟಿಗೆ ಇದು ಹೊಸತೇನಲ್ಲ, ಆದರೆ ಆ ಊರಿನ ಕಪ್ಪು ವಾದ್ಯಗಾರನಿಗೆ ಹೊಸದು.

ಅವರು ನುಡಿಸಿದ್ದಾದರೂ ಏನು? ಮನೋಧರ್ಮ ಸಂಗೀತ ನಮಗೆ ಹೊಸದಲ್ಲ. ಆದರೆ ನಮ್ಮ ಗಾಯಕ ಆಲಾಪದಲ್ಲಿ ಎಷ್ಟು ದೂರ ಹೋದರೂ ರಾಗದ ಬೇಲಿಯೊಳಗೆ ಇರುತ್ತಾನೆ, ತಾಳದ ಸಮಕ್ಕೆ ಮರಳಿ ಬರುತ್ತಾನೆ. ಜಾಝ್‌ನಲ್ಲೂ ಒಂದು ಹಾಡಿನ ಚೌಕಟ್ಟು ಇರುತ್ತಿತ್ತು. ಇವರು ಆ ಬೇಲಿಯನ್ನು ಕೂಡ ನುಡಿಸುತ್ತ ನುಡಿಸುತ್ತಲೇ ಹಾಕಿಕೊಳ್ಳಲು ಹೊರಟರು. ಬೇಕಾದರೆ ಕಿತ್ತು ಬೇರೆ ಕಡೆ ಹೂಳುವರು. ರಾಸ್ಕೋ ಮಿಚೆಲ್‌ರ ‘ಸೌಂಡ್’ ಎಂಬ 1966ರ ಧ್ವನಿಮುದ್ರಣವನ್ನು ಮೊದಲ ಸಲ ಕೇಳುವವರಿಗೆ ಪಾತ್ರೆ ಅಂಗಡಿಗೆ ಬೆಕ್ಕು ನುಗ್ಗಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಗಂಟೆ, ಪೀಪಿ, ಸೋರೆಬುರುಡೆ, ಮಕ್ಕಳ ಆಟಿಕೆ ಎಲ್ಲವೂ ವಾದ್ಯಗಳೇ. ಆದರೆ ಎರಡನೆಯ ಸಲ ಕೇಳಿದಾಗ ಕಿವಿಗೆ ಬೀಳುವುದು ಸದ್ದಲ್ಲ, ಸದ್ದುಗಳ ನಡುವೆ ಅವರು ಬಿಟ್ಟ ಮೌನ. ನ್ಯೂಯಾರ್ಕಿನ ಹೊಸ ಜಾಝ್ ಆಗ ಬೆಂಕಿ ಉಗುಳುತ್ತಿತ್ತು. ಇವರು ಕಾದು ನುಡಿಸುತ್ತಿದ್ದರು. ಹೆಂಡದಂಗಡಿಯಲ್ಲಿ ಅಂತಹ ಮೌನಕ್ಕೆ ಜಾಗವೇ ಇರಲಾರದು. ಇವರ ಸಂಗೀತದ ಆಕಾರವನ್ನು ಇವರು ಬಾಡಿಗೆಗೆ ಹಿಡಿದ ಕೋಣೆಗಳೇ ಅರ್ಧ ಮಾಡಿದವು ಎಂದು ನನ್ನ ತಿಳುವಳಿಕೆ.

ಕೋರಾನರಿಗೆ ಇದು ಸರಿಬೀಳಲಿಲ್ಲ. ಅವರ ಮನಸ್ಸು ಆಫ್ರಿಕಾದ ಪುರಾತನ ಸ್ವರಗಳ ಕಡೆ, ಕೇರಿಯ ಸಾಮಾನ್ಯ ಜನರ ಕಡೆ ಇತ್ತು. ಸಂಘ ಬಿಟ್ಟು ತಮ್ಮ ದಾರಿ ಹಿಡಿದರು. ಬೆರಳಿನಿಂದ ಮೀಟುವ ಆಫ್ರಿಕಾದ ಕಲಿಂಬಾ ವಾದ್ಯಕ್ಕೆ ವಿದ್ಯುತ್ತಿನ ದನಿ ಕೂಡಿಸಿ, ಅದಕ್ಕೆ ತಾಯಿಯ ಹೆಸರಿನಿಂದ ‘ಫ್ರಾಂಕಿಫೋನ್’ ಎಂದು ಕರೆದರು. 1967ರ ಬೇಸಿಗೆಯಲ್ಲಿ 63ನೇ ಬೀದಿಯ ಕೊನೆಗೆ, ಸರೋವರದ ದಂಡೆಯಲ್ಲಿ ಬಯಲಿನಲ್ಲೇ ಕಛೇರಿ ನಡೆಸಿದರು. ಹುಡುಗನೊಬ್ಬ ನೀರಿನ ಗೆರೆ ದಾಟಿ ಸತ್ತ ಅದೇ ಸರೋವರ. ದಂಡೆ ಮಾತ್ರ ಕೆಲವು ಮೈಲಿ ದಕ್ಷಿಣಕ್ಕೆ. ಆ ವರ್ಷದ ಕೊನೆಗೆ ಹಳೆಯ ಚಿತ್ರಮಂದಿರವೊಂದನ್ನು ಹಿಡಿದು ಆಫ್ರೋ-ಆರ್ಟ್ಸ್ ಥಿಯೇಟರ್ ತೆರೆದರು. ಎಷ್ಟೋ ವರ್ಷಗಳ ನಂತರ ಚೀನಾ ಪ್ರವಾಸದಲ್ಲಿ ಅಲ್ಲಿನ ಮುಸ್ಲಿಮರು ಅವರನ್ನು ‘ಕೆಲಾನ್’ ಎಂದು ಕರೆದರು. ಪವಿತ್ರ ಗ್ರಂಥ ಎಂಬರ್ಥದ ಆ ಹೆಸರನ್ನು ಅವರು ಕೊನೆಯವರೆಗೂ ಇಟ್ಟುಕೊಂಡರು.

ಸಂಘದ ಕತೆಯಲ್ಲಿ ಮುಜುಗರದ ಪುಟಗಳಿಲ್ಲದೆ ಇಲ್ಲ. ಅದರಲ್ಲಿ ಒಬ್ಬ ಬಿಳಿಯ ಸದಸ್ಯನಿದ್ದ, ವೈಬ್ರಾಫೋನ್ ನುಡಿಸುತ್ತಿದ್ದ. ಕಪ್ಪು ಸ್ವಾಭಿಮಾನದ ಗಾಳಿ ಬಿರುಸಾಗಿದ್ದ ದಿನಗಳಲ್ಲಿ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಚರ್ಚೆಯೆದ್ದು ಕೊನೆಗೆ ಅವನು ಹೊರಗಾದ. ಒಂದೂ ವೇದಿಕೆ ಇಲ್ಲದವರು ಕಟ್ಟಿದ ಒಂದು ವೇದಿಕೆ ಅವರದೇ ಆಗಿರಲಿ ಎಂಬ ಮಾತನ್ನು ಅಲ್ಪಸಂಖ್ಯಾತನಾದ ನಾನು ಬಲ್ಲೆ. ನೂರು ಮನೆಯ ಬಾಗಿಲು ಮುಚ್ಚಿಸಿಕೊಂಡವನು ತನ್ನ ಮನೆಗೆ ಚಿಲಕ ಹಾಕಿದರೆ ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಜತೆಗೆ ಕುಳಿತು ನುಡಿಸಿದವನನ್ನು ಮತಕ್ಕೆ ಹಾಕಿ ಕಳಿಸುವ ಆ ಸಂಜೆಯನ್ನು ಓದುವಾಗ ಮನಸ್ಸು ಹಿಂಡುತ್ತದೆ. ಲೂಯಿಸರು ಅದನ್ನು ಮುಚ್ಚಿಡದೆ ಬರೆದಿದ್ದಾರೆ ಎಂಬುದು ಅವರ ಪುಸ್ತಕದ ಹೆಚ್ಚುಗಾರಿಕೆ.

1969ರಲ್ಲಿ ಮಿಚೆಲ್, ಜಾರ್ಮನ್, ತುತ್ತೂರಿಯ ಲೆಸ್ಟರ್ ಬೋವಿ, ಬಾಸಿನ ಮಲಾಕೈ ಫೇವರ್ಸ್ ಪ್ಯಾರಿಸ್ಸಿಗೆ ಹೊರಟರು. ಬೋವಿ ಮನೆಯ ಸಾಮಾನು ಮಾರಿ ದಾರಿಖರ್ಚು ಹೊಂದಿಸಿದರು. ಅಲ್ಲಿ ಅವರು ‘ಆರ್ಟ್ ಎನ್ಸೆಂಬಲ್ ಆಫ್ ಶಿಕಾಗೋ’ ಎಂದು ಹೆಸರಾದರು. ಊರು ಬಿಟ್ಟಾಗಲೇ ಊರಿನ ಹೆಸರು ಅಂಟಿಕೊಂಡಿತು. ಆಂಥೊನಿ ಬ್ರಾಕ್ಸ್ಟನ್, ಲಿಯೋ ಸ್ಮಿತ್, ಲಿರಾಯ್ ಜೆಂಕಿನ್ಸ್ ಕೂಡ ಅದೇ ವರ್ಷ ಪ್ಯಾರಿಸ್ ಸೇರಿದರು. ಸ್ಮಿತ್ ಮುಂದೆ ಇಸ್ಲಾಮಿಗೆ ಬಂದು ಇಸ್ಮಾಯಿಲ್ ಎಂಬ ಹೆಸರನ್ನು ಸೇರಿಸಿಕೊಂಡರು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವನ್ನು ಕುರಿತ ಅವರ ದೊಡ್ಡ ಕೃತಿ 2012ರಲ್ಲಿ ಬಂತು. ಇದೇ ಬಳಗದ ಹೆನ್ರಿ ಥ್ರೆಡ್‌ಗಿಲ್‌ಗೆ 2016ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಹೆಸರು ಮಾಡಿದವರ ಪಟ್ಟಿ ಉದ್ದವಿದೆ, ಅದು ಬೇರೆ ಪುಸ್ತಕಗಳಲ್ಲಿ ಸಿಗುತ್ತದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಊರಲ್ಲೇ ಉಳಿದವರು. 1967ರಲ್ಲಿ ಶುರುವಾದ ಶನಿವಾರದ ಉಚಿತ ಸಂಗೀತಶಾಲೆಯಲ್ಲಿ ಕೇರಿಯ ಮಕ್ಕಳಿಗೆ ಸ್ವರ ಬರೆಯಲು ಕಲಿಸಿದವರು. ಅಂತಹವರಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು.

ಫ್ರೆಡ್ ಆಂಡರ್ಸನ್. ಲೂಯಿಸಿಯಾನದ ಮನ್ರೋ ಎಂಬ ಊರಿನಲ್ಲಿ 1929ರಲ್ಲಿ ಹುಟ್ಟಿ, ಬಾಲ್ಯದಲ್ಲೇ ತಾಯಿಯ ಜತೆ ಶಿಕಾಗೋ ಪಕ್ಕದ ಎವನ್‌ಸ್ಟನ್‌ಗೆ ಬಂದವರು. ಹೊಟ್ಟೆಪಾಡಿಗೆ ಮನೆಗಳಿಗೆ ಜಮಖಾನ ಹಾಸುವ ಕೆಲಸ. ಉಳಿದ ಹೊತ್ತು ಸ್ಯಾಕ್ಸೋಫೋನಿನ ರಿಯಾಜ್. 1965ರ ಆ ಮೊದಲ ಕಛೇರಿಯಲ್ಲಿ ಜಾರ್ಮನ್ ಪಕ್ಕದಲ್ಲಿ ನಿಂತು ನುಡಿಸಿದವರು ಇವರೇ. ಪ್ಯಾರಿಸ್ಸಿಗೆ ಹೋಗಲಿಲ್ಲ, ಹೆಂಡತಿ ಮಕ್ಕಳ ಸಂಸಾರವಿತ್ತು. 1977ರಲ್ಲಿ ‘ಬರ್ಡ್‌ಹೌಸ್’ ಎಂಬ ಪುಟ್ಟ ಜಾಗ ತೆರೆದು ನೋಡಿದರು. ಒಂದು ವರ್ಷದಲ್ಲಿ ಮುಚ್ಚಬೇಕಾಯಿತು. 1982ರಲ್ಲಿ ಇಂಡಿಯಾನಾ ರಸ್ತೆಯ ಒಂದು ಸಣ್ಣ ಬಾರು ಅವರ ಕೈಗೆ ಬಂತು. ಅದೇ ‘ವೆಲ್ವೆಟ್ ಲೌಂಜ್’.

ಹೌದು, ಬಾರು. ಹೆಂಡದಂಗಡಿಯಿಂದ ಹೊರಬಂದ ಸಂಗೀತ ಸುತ್ತಾಡಿ ಮತ್ತೆ ಹೆಂಡದಂಗಡಿಗೇ ಬಂತಲ್ಲ ಎಂದು ಓದುಗರು ನಗಬಹುದು. ಆದರೆ ವ್ಯತ್ಯಾಸವಿತ್ತು. ಗಲ್ಲಾದ ಹಿಂದೆ ನಿಂತವನೂ ವೇದಿಕೆಯ ಮೇಲೆ ಬಾಗಿ ನಿಂತು ಸ್ಯಾಕ್ಸೋಫೋನು ಊದುವವನೂ ಒಬ್ಬನೇ. ಗ್ಲಾಸು ತೊಳೆದಿಟ್ಟು, ಕೈ ಒರೆಸಿಕೊಂಡು ವಾದ್ಯ ಎತ್ತಿಕೊಳ್ಳುತ್ತಿದ್ದರು. ಭಾನುವಾರದ ಕೂಟಕ್ಕೆ ಯಾರು ಬೇಕಾದರೂ ವಾದ್ಯ ಹಿಡಿದು ಬರಬಹುದಿತ್ತು. ಕಪ್ಪು, ಬಿಳಿ, ಗಂಡು, ಹೆಣ್ಣು, ನುರಿತವರು, ಕಲಿಯುವವರು. 1960ರ ದಶಕದ ಸಂಘದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದರು. ವೆಲ್ವೆಟ್‌ನಲ್ಲಿ ನುಡಿಸುತ್ತ ಬೆಳೆದ ಕೊಳಲುವಾದಕಿ ನಿಕೋಲ್ ಮಿಚೆಲ್ ಮುಂದೆ ಅದೇ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಹೊರಗಿಡುವ ಬಗ್ಗೆ ಸಂಘ ಮತ ಹಾಕಿತ್ತು. ಸಂಘದ ಈ ಹಿರಿಯ ಆ ಬಗ್ಗೆ ಏನೂ ಭಾಷಣ ಮಾಡದೆ ಬಾಗಿಲು ತೆರೆದಿಟ್ಟರು. ಉಸ್ತಾದರೆಂದು ಕರೆಸಿಕೊಳ್ಳದ ಉಸ್ತಾದ್ ಅವರು.

2006ರಲ್ಲಿ ಆ ಕಟ್ಟಡ ಕೆಡವುವ ಸರದಿ ಬಂತು. ಸುತ್ತಲೂ ಎತ್ತರದ ಫ್ಲ್ಯಾಟುಗಳು ಏಳುತ್ತಿದ್ದ ಕಾಲ. ಆಂಡರ್ಸನ್ನರಿಗೆ ಆಗ ಎಪ್ಪತ್ತೇಳು ವಯಸ್ಸು. ಈ ಹೊತ್ತಿನಲ್ಲಿ ಅವರಲ್ಲಿ ಕಲಿತವರು, ಕೇಳಿದವರು ಸಹಾಯಾರ್ಥ ಕಛೇರಿ ನಡೆಸಿ ದುಡ್ಡು ಕೂಡಿಸಿದರು. ಹತ್ತಿರದ ಸರ್ಮಾಕ್ ರಸ್ತೆಯಲ್ಲಿ ವೆಲ್ವೆಟ್ ಮತ್ತೆ ತೆರೆಯಿತು. 2010ರ ಜೂನ್ 24ರಂದು ಅವರು ತೀರಿಕೊಂಡರು. ಅದೇ ವರ್ಷ ಅದು ಮುಚ್ಚಿತು. ಸಂಘ ಕಟ್ಟಿದ ಏಬ್ರಮ್ಸ್, ಸಂಘ ಬಿಟ್ಟ ಕೋರಾನ್ ಇಬ್ಬರೂ 2017ರಲ್ಲಿ ಹೋದರು. 2019ರ ಜನವರಿಯಲ್ಲಿ ಜಾರ್ಮನ್. ಅಲ್ಹಾಂಬ್ರಾದ ಅಹ್ಮದ್ ಜಮಾಲ್ ಎಲ್ಲರಿಗಿಂತ ಹೆಚ್ಚು ಕಾಲ, 2023ರ ಏಪ್ರಿಲ್‌ವರೆಗೆ ಬದುಕಿದ್ದರು.

ಆಂಡರ್ಸನ್ನರ ಶಾಗಿರ್ದ್ ಎನ್ನಬಹುದಾದ ಒಬ್ಬರು ಹಮೀದ್ ಡ್ರೇಕ್. ಅದೇ ಮನ್ರೋ ಊರಿನಲ್ಲಿ 1955ರಲ್ಲಿ ಹುಟ್ಟಿ, ಅದೇ ಎವನ್‌ಸ್ಟನ್‌ನಲ್ಲಿ ಬೆಳೆದವರು. ಡ್ರಮ್ಮಿನ ಜತೆ ತಬಲಾ ಕಲಿತವರು, ದಫ್‌ನಂತಹ ಚರ್ಮವಾದ್ಯವನ್ನು ಕೈಯಲ್ಲಿ ಹಿಡಿದು ಹಾಡುತ್ತ ನುಡಿಸುವವರು. 1990ರಲ್ಲಿ ಅವರು ಮತ್ತು ಅಸ್ಸೀರಿಯನ್ ಮೂಲದ ಕುಟುಂಬದ ಮೈಕೆಲ್ ಝೆರಾಂಗ್ ಸೇರಿ ಶಿಕಾಗೋದ ಲಿಂಕ್ಸ್ ಹಾಲ್ ಎಂಬ ಪುಟ್ಟ ಸಭಾಂಗಣದಲ್ಲಿ ಒಂದು ಕಛೇರಿ ನಡೆಸಿದರು. ಡಿಸೆಂಬರ್ ಕೊನೆಯ, ವರ್ಷದ ಅತಿ ಚಿಕ್ಕ ಹಗಲಿನ ದಿನ. ಬೆಳಗಿನ ಆರು ಗಂಟೆ, ನಮ್ಮಲ್ಲಿ ಫಜರ್ ನಮಾಜು ಮುಗಿಸಿ ಜನ ಮನೆಗೆ ನಡೆಯುವ ಹೊತ್ತು. ಹೊರಗೆ ಮೂಳೆ ಕೊರೆಯುವ ಚಳಿ. ಒಳಗೆ ಮೇಣದಬತ್ತಿ, ನೆಲದ ಮೇಲೆ ಕುಳಿತ ಜನ, ಇಬ್ಬರ ಕೈಯ ಚರ್ಮವಾದ್ಯ. ಕತ್ತಲಲ್ಲಿ ಶುರುಮಾಡಿ ಕಿಟಕಿಗೆ ಬೆಳಕು ಬರುವತನಕ ನುಡಿಸಿದರು. ಮರುವರ್ಷವೂ ಅದೇ ಹೊತ್ತಿಗೆ ಜನ ಬಂದರು. ಅಲ್ಲಿಂದಾಚೆಗೆ ಅದು ಆ ಊರಿನ ಚಳಿಗಾಲದ ವಾಡಿಕೆಯೇ ಆಗಿಹೋಯಿತು.